ಅಳತೆ ಪುಸ್ತಕದಲ್ಲಿ ಬರೆದಿಟ್ಟ ತಲೆನೋವು

ನನ್ನ ಮೈಗ್ರೇನ್ ಪೂರ್ತಿ ವಾಸಿಯಾಗಿಲ್ಲ. ಈಗಲೂ ಬರುತ್ತದೆ. ಆದರೆ ಮುಂಚೆ ವಾರ ವಾರವೂ ಬಂದು ಎರಡೆರಡು ದಿನ ಮಲಗಿಸುತ್ತಿದ್ದ ನೋವು ಈಗ ಅಪರೂಪಕ್ಕೆ ಬರುತ್ತದೆ. ಬಂದರೂ ಹೆಚ್ಚಿನ ಸಲ ಅರ್ಧ ದಿನದಲ್ಲಿ ಬಿಡುತ್ತದೆ. ಇಷ್ಟಾಗಲು ಏನೇನು ಮಾಡಿದೆ ಎಂದು ಬರೆಯುತ್ತಿದ್ದೇನೆ. ಯಾಕೆಂದರೆ ಇದೇ ಕಷ್ಟ ಪಡುವವರು ನಮ್ಮಲ್ಲಿ ಬಹಳ ಜನ. ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್‌ನವರು ಸೇರಿ ಮನೆ ಮನೆಗೆ ಹೋಗಿ ಮಾಡಿದ ಸಮೀಕ್ಷೆಯೊಂದು 2015ರಲ್ಲಿ ಪ್ರಕಟವಾಗಿತ್ತು. ಅದರ ಪ್ರಕಾರ ದೊಡ್ಡವರಲ್ಲಿ ನಾಲ್ಕು ಜನಕ್ಕೆ ಒಬ್ಬರು ವರ್ಷದಲ್ಲಿ ಒಮ್ಮೆಯಾದರೂ ಮೈಗ್ರೇನ್ ಅನುಭವಿಸಿದವರು. ಅದರಲ್ಲೂ ಹೆಂಗಸರೇ ಜಾಸ್ತಿ.

ಮಂಡ್ಯದ ಗುತ್ತಲು ರಸ್ತೆಯ ಹತ್ತಿರ ನನ್ನದು ಚಿಕ್ಕ ಹೊಲಿಗೆ ಅಂಗಡಿ. ಬ್ಲೌಸು, ಚೂಡಿದಾರ್, ಫಾಲ್, ಪಿಕೋ ಎಲ್ಲ ಮಾಡುತ್ತೇನೆ. ಗೌರಿ ಹಬ್ಬದಿಂದ ದೀಪಾವಳಿವರೆಗೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ನನ್ನ ನೋವು ಬಲಗಡೆ ಹುಬ್ಬಿನ ಮೇಲೆ ಶುರುವಾಗಿ ಕಿವಿಯ ಹಿಂದಕ್ಕೆ ಇಳಿಯುತ್ತದೆ. ನಾಡಿ ಬಡಿದ ಹಾಗೆ ಹೊಡೆಯುತ್ತದೆ. ಮೆಟ್ಟಿಲು ಹತ್ತಿದರೆ, ಬಗ್ಗಿದರೆ ಇನ್ನೂ ಜಾಸ್ತಿ. ಮಷೀನಿನ ಸದ್ದು, ಟ್ಯೂಬ್‌ಲೈಟ್, ಒಗ್ಗರಣೆಯ ಘಾಟು, ಯಾವುದನ್ನೂ ತಡೆಯಲು ಆಗುವುದಿಲ್ಲ. ಕೊನೆಗೆ ವಾಂತಿ. ವಾಂತಿಯಾದ ಮೇಲೆ ಸ್ವಲ್ಪ ಹಗುರ.

ಈ ವಾಂತಿಯ ಕಾರಣಕ್ಕೆ ನಮ್ಮ ಮನೆಯಲ್ಲಿ ಎಲ್ಲರೂ ಪಿತ್ತ ಅಂತಲೇ ಹೇಳುತ್ತಿದ್ದರು. ಅತ್ತೆ ಜೀರಿಗೆ ಕಷಾಯ ಮಾಡಿಕೊಡುತ್ತಿದ್ದರು, ಗಂಧ ತೇಯ್ದು ಹಣೆಗೆ ಹಚ್ಚುತ್ತಿದ್ದರು. ಪಕ್ಕದ ಮನೆಯವರು ಸೈನಸ್ ಇರಬೇಕು ಎಂದರು. ಇನ್ನೊಬ್ಬರು ಕಣ್ಣು ತೋರಿಸಿ ಎಂದರು. ಕನ್ನಡಕ ಬಂತು, ಸೂಜಿಗೆ ದಾರ ಪೋಣಿಸಲು ಅನುಕೂಲವಾಯಿತು, ತಲೆನೋವು ಹಾಗೇ ಇತ್ತು.

ಕೊನೆಗೆ ಮೈಸೂರಿನಲ್ಲಿ ನರರೋಗ ತಜ್ಞರೊಬ್ಬರ ಹತ್ತಿರ ಹೋದೆ. ಅವರು ಮೊದಲು ಪ್ರಶ್ನೆಗಳನ್ನೇ ಕೇಳಿದರು. ಒಂದೇ ಕಡೆ ನೋವಾ? ಹೊಡೆದುಕೊಳ್ಳುವ ಹಾಗಿರುತ್ತಾ? ಮಾತ್ರೆ ತೆಗೆದುಕೊಳ್ಳದೆ ಬಿಟ್ಟರೆ ಎಷ್ಟು ಹೊತ್ತು? ಬೆಳಕು, ಸದ್ದು ಆಗುವುದಿಲ್ವಾ? ಕೆಲಸ ಮಾಡಿದರೆ ಹೆಚ್ಚಾಗುತ್ತಾ? ಮೈಗ್ರೇನ್ ಗುರುತಿಸುವುದು ಈ ಉತ್ತರಗಳಿಂದಲೇ ಅಂತೆ. ಮದ್ದು ಮಾಡದಿದ್ದರೆ 4 ಗಂಟೆಯಿಂದ 72 ಗಂಟೆವರೆಗೆ ಇರುವ ನೋವು ಅದು.

"ಸ್ಕ್ಯಾನ್ ಬೇಡ್ವಾ ಮೇಡಂ?" ಎಂದು ಕೇಳಿದೆ.

"ಸ್ಕ್ಯಾನ್‌ನಲ್ಲಿ ಮೈಗ್ರೇನ್ ಕಾಣುವುದಿಲ್ಲಮ್ಮ. ಬೇರೆ ಏನಾದರೂ ಅನುಮಾನ ಇದ್ದರೆ ಮಾಡಿಸುತ್ತೇವೆ. ನಿಮ್ಮ ಪರೀಕ್ಷೆಯಲ್ಲಿ ಅಂಥದ್ದೇನೂ ಇಲ್ಲ" ಎಂದರು.

ಪಿತ್ತದ ವಿಷಯ ಕೇಳಿದಾಗ ಅವರು ಹೇಳಿದ್ದು ನನಗೆ ತುಂಬಾ ಉಪಯೋಗಕ್ಕೆ ಬಂತು. ಕಾಯಿಲೆ ಇರುವುದು ಹೊಟ್ಟೆಯಲ್ಲಲ್ಲ, ಮಿದುಳಿನಲ್ಲಿ ಮತ್ತು ಮುಖ, ತಲೆಯ ನೋವನ್ನು ಸಾಗಿಸುವ ಟ್ರೈಜೆಮಿನಲ್ ನರದಲ್ಲಿ. ಆ ನರ ಕೆರಳಿದಾಗ ಸಿಜಿಆರ್‌ಪಿ ಎನ್ನುವ ವಸ್ತು ಬಿಡುಗಡೆಯಾಗುತ್ತದೆ, ನೋವು ಏರುತ್ತದೆ. ಅದೇ ಹೊತ್ತಿಗೆ ಹೊಟ್ಟೆಯ ಕೆಲಸ ನಿಧಾನವಾಗುತ್ತದೆ. ತಿಂದದ್ದು ಕೆಳಗಿಳಿಯುವುದಿಲ್ಲ, ನುಂಗಿದ ಮಾತ್ರೆಯೂ ಅಲ್ಲೇ ಕೂತಿರುತ್ತದೆ. ನೋವು ಜೋರಾದ ಮೇಲೆ ತೆಗೆದುಕೊಂಡ ಮಾತ್ರೆ ಯಾಕೆ ಕೆಲಸ ಮಾಡುವುದಿಲ್ಲ ಎನ್ನುವುದಕ್ಕೆ ಅಂದು ಉತ್ತರ ಸಿಕ್ಕಿತು.

ಔಷಧಿ ಚೀಟಿಯ ಜೊತೆ ಅವರು ಕೊಟ್ಟ ಇನ್ನೊಂದು ಕೆಲಸ, ಬರೆದಿಡುವುದು. ನಮ್ಮ ಅಂಗಡಿಯಲ್ಲಿ ಗಿರಾಕಿಗಳ ಅಳತೆ ಪುಸ್ತಕ ಯಾವಾಗಲೂ ಕೈಗೆ ಸಿಗುವ ಹಾಗೆ ಇರುತ್ತದೆ. ಅದನ್ನೇ ಹಿಂದಿನಿಂದ ತಿರುಗಿಸಿ ಬರೆಯಲು ಶುರು ಮಾಡಿದೆ. ತಾರೀಕು, ನೋವು ಶುರುವಾದ ಹೊತ್ತು, ಹಿಂದಿನ ರಾತ್ರಿ ಮಲಗಿದ್ದು ಎಷ್ಟಕ್ಕೆ, ಊಟ ಯಾವಾಗ, ಮುಟ್ಟಿನ ದಿನ, ನುಂಗಿದ ಮಾತ್ರೆ. ಇಷ್ಟೇ. ಉದ್ದ ಬರೆಯುವ ಹಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಎರಡು ಸಾಲಿಗೆ ಮುಗಿಯುವ ಹಾಗೆ ಇಟ್ಟುಕೊಂಡಿದ್ದರಿಂದಲೇ ನಡೆಯಿತು.

ಮೂರನೇ ತಿಂಗಳ ಹೊತ್ತಿಗೆ ಹಾಳೆಗಳು ತಾವೇ ಮಾತಾಡತೊಡಗಿದವು. ಮುಟ್ಟಿನ ಹಿಂದುಮುಂದಿನ ದಿನಗಳಲ್ಲಿ ನೋವು ತಪ್ಪದೆ ಇತ್ತು. ಆಗ ಈಸ್ಟ್ರೋಜನ್ ಹಾರ್ಮೋನು ಇಳಿಯುತ್ತದೆ, ಅದು ಮೈಗ್ರೇನನ್ನು ಎಬ್ಬಿಸುತ್ತದೆ ಎಂದು ಡಾಕ್ಟರು ವಿವರಿಸಿದರು. ಸಂಕಷ್ಟಿಯ ದಿನ ಚಂದ್ರ ಕಾಣುವವರೆಗೆ ಉಪವಾಸ ಇರುತ್ತಿದ್ದೆ, ಸಂಜೆಗೆ ನೋವು. ಲೈನಿಂಗ್ ಬಟ್ಟೆ, ಲೇಸು ತರಲು ಮೈಸೂರಿನ ಸಂತೆಪೇಟೆಗೆ ಹೋಗಿ ಬಿಸಿಲಿನಲ್ಲಿ ಓಡಾಡಿ ಬಂದರೆ ರಾತ್ರಿಗೆ ನೋವು. ಹಬ್ಬದ ಆರ್ಡರು ಮುಗಿಸಿ, ಅಬ್ಬಾ ಎಂದು ಹೊತ್ತಾಗುವವರೆಗೆ ಮಲಗಿದ ಮರುದಿನವೂ ನೋವು. ನಿದ್ದೆ ಕಮ್ಮಿಯಾದರೂ ಕಷ್ಟ, ಒಂದೇ ಸಲ ಜಾಸ್ತಿಯಾದರೂ ಕಷ್ಟ.

ಆದರೆ ಇವುಗಳಲ್ಲಿ ಒಂದೊಂದೇ ಬಂದಾಗ ಎಷ್ಟೋ ಸಲ ಏನೂ ಆಗುತ್ತಿರಲಿಲ್ಲ. ಬರೀ ಬಿಸಿಲನ್ನು ತಡೆದುಕೊಂಡಿದ್ದೇನೆ. ಬರೀ ಉಪವಾಸವನ್ನೂ ತಡೆದುಕೊಂಡಿದ್ದೇನೆ. ಎರಡು ಮೂರು ಸೇರಿಕೊಂಡ ದಿನ ಮಾತ್ರ ಬಿಡುತ್ತಿರಲಿಲ್ಲ. ನನಗೆ ಅತಿ ಹೆಚ್ಚು ಸಹಾಯ ಮಾಡಿದ ತಿಳುವಳಿಕೆ ಇದೇ. ಮುಟ್ಟನ್ನು ಮುಂದೂಡಲು ಆಗುವುದಿಲ್ಲ. ಆದರೆ ಆ ವಾರದಲ್ಲಿ ಸಂತೆಪೇಟೆಗೆ ಹೋಗದೆ ಇರಬಹುದು, ರಾತ್ರಿ ಹೊಲಿಗೆ ಇಟ್ಟುಕೊಳ್ಳದೆ ಇರಬಹುದು, ಮಧ್ಯಾಹ್ನ ಒಂದೂವರೆಗೆ ಮುದ್ದೆ ಸಾರು ಉಂಡೇ ಉಣ್ಣಬಹುದು. ಉಪವಾಸವನ್ನೂ ಬಿಟ್ಟಿಲ್ಲ. ಹಾಲು, ಹಣ್ಣು, ನೆನೆಸಿದ ಅವಲಕ್ಕಿ ಹೊತ್ತು ಹೊತ್ತಿಗೆ ತೆಗೆದುಕೊಳ್ಳುತ್ತೇನೆ. ಅತ್ತೆಯೇ "ಗಣಪತಿ ಏನೂ ಅಂದುಕೊಳ್ಳಲ್ಲ, ತಿನ್ನವ್ವ" ಎಂದರು.

ಕುತ್ತಿಗೆ ಬಿಗಿತದ ವಿಷಯವನ್ನೂ ಪುಸ್ತಕವೇ ತಿಳಿಸಿತು. ಬಗ್ಗಿ ಹೊಲಿಯುವುದರಿಂದ ಕುತ್ತಿಗೆ ಹಿಡಿದು ತಲೆನೋವು ಬರುತ್ತದೆ ಎನ್ನುವುದು ನಮ್ಮ ಕಸುಬಿನವರೆಲ್ಲ ಹೇಳುವ ಮಾತು. ಅಂಗಡಿ ಮುಚ್ಚಿದ ದಿನಗಳಲ್ಲೂ ನೋವಿಗೆ ಮುಂಚೆ ಕುತ್ತಿಗೆ ಬಿಗಿಯಾಗಿದ್ದನ್ನು ಬರೆದಿದ್ದೆ. ಮೇಲಿಂದ ಮೇಲೆ ಆಕಳಿಕೆ, ಸಿಹಿ ತಿನ್ನಬೇಕು ಎನ್ನುವ ಆಸೆ, ಸುಮ್ಸುಮ್ನೆ ಸಿಡಿಮಿಡಿ. ಇವೆಲ್ಲ ಮೈಗ್ರೇನಿನ ಮೊದಲ ಹಂತವೇ ಅಂತೆ. ತಲೆ ನೋಯುವುದಕ್ಕೆ ಗಂಟೆಗಳ ಮುಂಚೆ, ಕೆಲವರಿಗೆ ಒಂದೆರಡು ದಿನ ಮುಂಚೆಯೇ ಶುರುವಾಗುತ್ತದೆ. ಚಾಕೊಲೇಟ್ ತಿಂದರೆ ತಲೆನೋವು ಬರುತ್ತದೆ ಎನ್ನುವವರಲ್ಲಿ ಎಷ್ಟೋ ಜನಕ್ಕೆ ತಲೆನೋವು ಬರುವುದರಲ್ಲಿದ್ದುದರಿಂದಲೇ ಚಾಕೊಲೇಟ್ ಬೇಕೆನಿಸಿರಬಹುದು. ಹಾಗಾಗಿ ಬದನೆಕಾಯಿ ಬಿಡಿ, ಮೊಸರು ಬಿಡಿ, ಬಾಳೆಹಣ್ಣು ಬಿಡಿ ಎಂದು ಊರೆಲ್ಲ ಹೇಳಿದರೂ ನಾನು ಯಾವುದನ್ನೂ ಬಿಡಲಿಲ್ಲ. ನನ್ನ ಹಾಳೆಗಳಲ್ಲಿ ಊಟದ ಪದಾರ್ಥ ಯಾವುದೂ ಸಿಕ್ಕಿಬೀಳಲಿಲ್ಲ. ಊಟ ತಪ್ಪಿದ್ದೇ ಸಿಕ್ಕಿದ್ದು. ನಿಮ್ಮ ಪುಸ್ತಕದಲ್ಲಿ ಬೇರೆಯೇ ಇರಬಹುದು. ಅದನ್ನು ನೋಡಿ ಬಿಡಿ, ಬೇರೆಯವರ ಮಾತು ಕೇಳಿ ಅಲ್ಲ.

ತಲೆಗೆ ಸ್ನಾನದ ಬಗ್ಗೆ ಹೇಳಲೇಬೇಕು. ನನಗೆ ಉದ್ದ ಕೂದಲು. ಶುಕ್ರವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲನ್ನು ಹಾಗೇ ಗಂಟು ಕಟ್ಟಿ ಅಂಗಡಿಗೆ ಓಡುತ್ತಿದ್ದೆ. ಮಧ್ಯಾಹ್ನಕ್ಕೆ ನೋವು ಬರುತ್ತಿತ್ತು. ಇದನ್ನು ಹೇಳಿದರೆ ಡಾಕ್ಟರು ನಗುತ್ತಾರೇನೋ ಎಂದು ಅಂಜಿದ್ದೆ. ಆದರೆ ಇದು ದಾಖಲಾದ ವಿಷಯವೇ. ತಲೆಸ್ನಾನದಿಂದ ಮೈಗ್ರೇನ್ ಬರುವ ಭಾರತದ 94 ರೋಗಿಗಳ ಬಗ್ಗೆ 2006ರಲ್ಲೇ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಲೇಖನ ಬಂದಿದೆ. ಈಗ ಭಾನುವಾರ ಹೊಟ್ಟೆಗೆ ಏನಾದರೂ ಹಾಕಿಕೊಂಡು ಹದವಾದ ನೀರಿನಲ್ಲಿ ಸ್ನಾನ ಮಾಡಿ, ಕೂದಲನ್ನು ಪೂರ್ತಿ ಒಣಗಿಸಿಯೇ ಜಡೆ ಹಾಕುತ್ತೇನೆ.

ವಾಸನೆಯದು ಕಷ್ಟದ ವಿಷಯ. ನಮ್ಮ ಕಡೆ ಊದುಬತ್ತಿ ಇಲ್ಲದ ಮನೆ ಇಲ್ಲ, ಅಂಗಡಿ ಇಲ್ಲ. ನೋವಿಗೆ ಮುಂಚಿನ ಹೊತ್ತಿನಲ್ಲಿ ಅದರ ಹೊಗೆ ನನ್ನನ್ನು ನೇರ ಮಲಗಿಸುತ್ತದೆ. ಅತ್ತೆಗೆ ಹೇಗೆ ಹೇಳುವುದು? ಒಂದು ದಿನ ಮೆಲ್ಲಗೆ ಹೇಳಿದೆ. ಅವರು ಒಂದು ಮಾತೂ ಆಡಲಿಲ್ಲ. ಅಂದಿನಿಂದ ದೇವರಿಗೆ ದೀಪ, ಹೂವು ಮಾತ್ರ. ಊದುಬತ್ತಿ ತುಳಸಿಕಟ್ಟೆಯ ಹತ್ತಿರ ಹೊರಗೆ. ಇದನ್ನು ನಾನು ಮರೆಯುವುದಿಲ್ಲ.

ಅಂಗಡಿಯಲ್ಲಿ ಮಿಣುಕುತ್ತಿದ್ದ ಹಳೇ ಟ್ಯೂಬ್‌ಲೈಟ್ ತೆಗೆಸಿದೆ. ಜರಿ, ಕುಂದಣದ ಕೆಲಸವನ್ನು ಬೆಳಗಿನ ಬೆಳಕಿನಲ್ಲೇ ಮುಗಿಸುತ್ತೇನೆ. ಕಾಫಿ ದಿನಕ್ಕೆ ಎರಡು ಲೋಟ, ಭಾನುವಾರವೂ ಅದೇ ಹೊತ್ತಿಗೆ. ದಿನಾ ಕುಡಿಯುವವರಿಗೆ ಕಾಫಿ ತಡವಾದರೂ ತಲೆ ನೋಯುತ್ತದೆ.

ಇನ್ನು ಔಷಧಿ. ಹೆಸರು ಹೇಳುತ್ತೇನೆ, ಆದರೆ ನೀವು ನಿಮ್ಮ ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬೇಡಿ. ನೋವು ಬಂದಾಗ ನನಗೆ ನ್ಯಾಪ್ರೋಕ್ಸೆನ್, ಜೊತೆಗೆ ವಾಂತಿ ತಡೆಯಲು ಡೊಂಪೆರಿಡೋನ್ ಕೊಟ್ಟರು. ಅದಕ್ಕೆ ಬಗ್ಗದಿದ್ದರೆ ಸುಮಾಟ್ರಿಪ್ಟಾನ್. ಟ್ರಿಪ್ಟಾನ್ ಮೈಗ್ರೇನ್‌ಗೆಂದೇ ಇರುವ ಮಾತ್ರೆ, ಹೃದಯದ ಕಾಯಿಲೆ ಇದ್ದವರಿಗೆ ಆಗುವುದಿಲ್ಲ. ಮುಖ್ಯವಾದದ್ದು ಹೊತ್ತು. ಇದು ಮೈಗ್ರೇನೇ ಎಂದು ಗೊತ್ತಾದ ಕೂಡಲೇ, ನೋವು ಇನ್ನೂ ಸಣ್ಣದಿರುವಾಗಲೇ ನುಂಗಬೇಕು. ತಡೆದುಕೊಳ್ಳೋಣ, ಈ ಬ್ಲೌಸಿಗೆ ಕೊಕ್ಕೆ ಹಾಕಿ ಮುಗಿಸೋಣ ಎಂದು ಕೂತರೆ ಆ ದಿನ ಹೋಯಿತು ಎಂದೇ ಅರ್ಥ. ಮಾತ್ರೆ ನುಂಗಿ, ಬಾಗಿಲು ಎಳೆದುಕೊಂಡು, ಹಣೆಗೆ ತಣ್ಣೀರು ಬಟ್ಟೆ ಹಾಕಿ ಕತ್ತಲಲ್ಲಿ ಒಂದು ಗಂಟೆ ಮಲಗುತ್ತೇನೆ. ನಿದ್ದೆ ಹತ್ತಿದರೆ ಗೆದ್ದ ಹಾಗೆ.

ಬೇಗ ನುಂಗಿ ಎಂದ ಡಾಕ್ಟರೇ ಲೆಕ್ಕ ಇಡಿ ಎಂದೂ ಹೇಳಿದರು. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ, ಟ್ರಿಪ್ಟಾನ್ ಅಥವಾ ಎರಡು ಮೂರು ಔಷಧಿ ಬೆರೆಸಿದ ಮಾತ್ರೆಯನ್ನು 10 ದಿನ ದಾಟಿ ತಿಂಗಳುಗಟ್ಟಲೆ ತೆಗೆದುಕೊಂಡರೆ ಮಾತ್ರೆಯಿಂದಲೇ ತಲೆನೋವು ಹುಟ್ಟುತ್ತದೆ. ನನ್ನ ಜೊತೆ ಹೊಲಿಗೆ ಕಲಿತ ಗೆಳತಿಗೆ ಹೀಗೇ ಆಗಿತ್ತು. ಮೆಡಿಕಲ್ ಸ್ಟೋರಿನಲ್ಲಿ ತಲೆನೋವಿಗೆ ಎಂದು ಕೇಳಿ ತಂದು ದಿನಾ ನುಂಗುತ್ತಿದ್ದಳು. ಬೆಳಿಗ್ಗೆ ಏಳುವಾಗಲೇ ನೋವು. ಡಾಕ್ಟರು ಆ ಮಾತ್ರೆ ನಿಲ್ಲಿಸಿದಾಗ ಮೊದಲ ಎರಡು ವಾರ ಬಹಳ ಒದ್ದಾಡಿದಳು. ಆಮೇಲೆ ದಿನದ ನೋವು ಹೋಯಿತು.

ನನಗೆ ನೋವು ಪದೇ ಪದೇ ಬರುತ್ತಿದ್ದರಿಂದ ತಡೆಯುವ ಔಷಧಿಯೂ ಬೇಕಾಯಿತು. ಪ್ರೊಪ್ರನೊಲೋಲ್ ಕೊಟ್ಟರು. ಕೊಡುವ ಮೊದಲು ಉಬ್ಬಸ ಇದೆಯಾ ಎಂದು ಎರಡೆರಡು ಸಲ ಕೇಳಿದರು. ಉಬ್ಬಸ ಇದ್ದವರಿಗೆ ಅದು ಕೂಡದು. "ಇದು ಬಿಪಿ ಮಾತ್ರೆ ಅಲ್ವಾ ಮೇಡಂ, ನನಗೇಕೆ?" ಎಂದೆ. ಹೃದಯದ ತೊಂದರೆಗೆ ಇದನ್ನು ತೆಗೆದುಕೊಂಡ ರೋಗಿಯೊಬ್ಬರಿಗೆ ಮೈಗ್ರೇನ್ ಕಮ್ಮಿಯಾದದ್ದು 1960ರ ದಶಕದಲ್ಲಿ ಆಕಸ್ಮಿಕವಾಗಿ ಗೊತ್ತಾಯಿತಂತೆ. ಆಮೇಲೆ ಇದಕ್ಕೂ ಕೊಡುವುದು ರೂಢಿಯಾಯಿತು. ಬೇರೆಯವರಿಗೆ ಅಮಿಟ್ರಿಪ್ಟಿಲಿನ್, ಫ್ಲೂನಾರಿಜಿನ್, ಟೋಪಿರಾಮೇಟ್ ಕೊಡುವುದುಂಟು. ಅವರವರ ಮೈ ನೋಡಿ ಡಾಕ್ಟರು ಆರಿಸುತ್ತಾರೆ. ಬಸುರಿಯಾಗುವ ಯೋಚನೆ ಇದ್ದವರು ಅದನ್ನು ಮೊದಲೇ ಹೇಳಬೇಕು, ಕೆಲವು ಔಷಧಿ ಮಗುವಿಗೆ ಹಾನಿ ಮಾಡುತ್ತವೆ.

ತಡೆಯುವ ಔಷಧಿ ಇಂದು ನುಂಗಿದರೆ ನಾಳೆ ಕೆಲಸ ಮಾಡುವುದಿಲ್ಲ. ಎರಡು ಮೂರು ತಿಂಗಳು ಕಾಯಬೇಕು. ಬಹಳ ಜನ ಇಲ್ಲೇ ಬಿಟ್ಟುಬಿಡುತ್ತಾರೆ. ನನಗೂ ಮೊದಲ ತಿಂಗಳು ಸುಸ್ತು ಬಿಟ್ಟರೆ ಏನೂ ಕಾಣಲಿಲ್ಲ. ಪುಸ್ತಕ ಇದ್ದದ್ದರಿಂದ ಧೈರ್ಯ ಉಳಿಯಿತು. ನೋವು ಇನ್ನೂ ಇದೆ ಎಂದು ಮನಸ್ಸು ಹೇಳುತ್ತಿದ್ದಾಗಲೇ ನೋವಿನ ದಿನಗಳು ಕಮ್ಮಿಯಾಗಿರುವುದನ್ನು ಹಾಳೆ ತೋರಿಸುತ್ತಿತ್ತು.

ನನ್ನ ತಂಗಿಯ ಮಗಳಿಗೆ ನೋವಿಗೆ ಮುಂಚೆ ಕಣ್ಣೆದುರು ಅಂಕುಡೊಂಕು ಗೆರೆ ಮಿನುಗುತ್ತದೆ, ಅರ್ಧ ಗಂಟೆಯಲ್ಲಿ ಹೋಗುತ್ತದೆ. ಅದಕ್ಕೆ ಆರಾ ಎನ್ನುತ್ತಾರೆ. ಅಂಥವರು ಗರ್ಭನಿರೋಧಕ ಮಾತ್ರೆ ಬರೆಸಿಕೊಳ್ಳುವಾಗ ಡಾಕ್ಟರಿಗೆ ಇದನ್ನು ಹೇಳಲೇಬೇಕು. ಈಸ್ಟ್ರೋಜನ್ ಇರುವ ಮಾತ್ರೆ ಅವರಲ್ಲಿ ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತದೆ. ಇನ್ನು ಹಠಾತ್ತನೆ ಸಿಡಿಲು ಹೊಡೆದಂತೆ ಬರುವ ನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಒಂದು ಕೈ ಅಥವಾ ಕಾಲಿನಲ್ಲಿ ಶಕ್ತಿ ಇಲ್ಲದಿರುವುದು, ಮಾತು ತೊದಲುವುದು, ಇವನ್ನು ಮೈಗ್ರೇನ್ ಎಂದು ಮಲಗಬೇಡಿ. ನೇರ ಆಸ್ಪತ್ರೆಗೆ ಹೋಗಿ. ಐವತ್ತು ದಾಟಿದ ಮೇಲೆ ಮೊದಲ ಸಲ ಹೊಸ ಬಗೆಯ ತಲೆನೋವು ಶುರುವಾದರೂ ತಡ ಮಾಡದೆ ತೋರಿಸಿ.

ಹಬ್ಬದ ಆರ್ಡರನ್ನು ಈಗ ಹಬ್ಬಕ್ಕೆ ಹತ್ತು ದಿನ ಇರುವಾಗಲೇ ನಿಲ್ಲಿಸುತ್ತೇನೆ. ದುಡ್ಡು ಸ್ವಲ್ಪ ಕಮ್ಮಿಯಾಗುತ್ತದೆ, ನಿಜ. "ಅಕ್ಕಾ, ಒಂದೇ ಒಂದು ಬ್ಲೌಸು" ಎಂದು ಬರುವವರಿಗೆ ಇಲ್ಲ ಅನ್ನಲು ಕಷ್ಟವಾಗುತ್ತದೆ. ಕಾರಣ ಹೇಳಿದರೆ ಮಾತ್ರ ಹೆಚ್ಚಿನವರು ಒಪ್ಪುತ್ತಾರೆ. ಅವರಲ್ಲೂ ಎಷ್ಟೋ ಜನ "ನನಗೂ ಹಂಗೇ ಆಗುತ್ತಕ್ಕ" ಎಂದು ಅಲ್ಲೇ ಕೂತು ಮಾತಾಡುತ್ತಾರೆ.

ಪ್ರೊಪ್ರನೊಲೋಲನ್ನು ಒಮ್ಮೆಗೇ ನಿಲ್ಲಿಸುವ ಹಾಗಿಲ್ಲ. ಬೇಸಿಗೆ ಕಳೆದ ಮೇಲೆ ಪುಸ್ತಕ ತನ್ನಿ, ಲೆಕ್ಕ ನೋಡಿ ಸ್ವಲ್ಪ ಸ್ವಲ್ಪವೇ ಇಳಿಸೋಣ ಎಂದು ಡಾಕ್ಟರು ಹೇಳಿದ್ದಾರೆ.