ಹಾರ್ತಿದ್ದ ಸಿಡಿ ಪ್ಲೇಯರ್‌ನ ಟ್ರ್ಯಾಕಿಂಗ್ ನಾನೇ ಸೆಟ್ ಮಾಡ್ಕೊಂಡೆ - ನನ್ನ ಅನುಭವ

ಅಪ್ಪ ತಗೊಂಡಿದ್ದ ಸಿಡಿ ಪ್ಲೇಯರ್ ಇದು, ಇಪ್ಪತ್ತೈದು ವರ್ಷ ದಾಟಿದೆ. ಮಲ್ಲಿಕಾರ್ಜುನ ಮನ್ಸೂರರ ಸಿಡಿ ಹಾಕಿದ್ರೆ ಆಲಾಪದ ಮಧ್ಯೆ ಟಕ್ ಅಂತ ಮುಂದಕ್ಕೆ ಹಾರ್ತಿತ್ತು, ಕೆಲವು ಸಲ ಒಂದೇ ಚೂರನ್ನ ಮತ್ತೆ ಮತ್ತೆ ನುಡಿಸ್ತಿತ್ತು. ರಿಪೇರಿಯವ್ರು ಪಿಕಪ್ (ಲೇಸರ್ ಮತ್ತು ಲೆನ್ಸ್ ಇರೋ, ಡಿಸ್ಕ್ ಓದೋ ಭಾಗ) ಹೋಗಿದೆ ಅಂದ್ರು, ಆದ್ರೆ ಡಿಸ್ಕ್ ಹಾಕಿದ ತಕ್ಷಣ ಹಾಡಿನ ಲಿಸ್ಟ್ ಪ್ರತಿ ಸಲ ಓದ್ತಿತ್ತು, ಹಾಗಾಗಿ ನಂಗೆ ಲೇಸರ್ ಮೇಲೆ ಅನುಮಾನ ಬರ್ಲಿಲ್ಲ.

ಇಲ್ಲಿ ಟ್ರ್ಯಾಕ್ ಅಂದ್ರೆ ಹಾಡಲ್ಲ, ಡಿಸ್ಕ್ ಮೇಲೆ ಸುರುಳಿಯಾಗಿ ಬರೆದಿರೋ ಸಾಲು, ಲೇಸರ್ ಬೆಳಕನ್ನ ಆ ಸಾಲಿನ ಮೇಲೇ ಹಿಡಿದಿಡೋದೇ ಟ್ರ್ಯಾಕಿಂಗ್. ಸಿಡಿಲಿ ಒಂದು ಟ್ರ್ಯಾಕಿಂದ ಪಕ್ಕದ ಟ್ರ್ಯಾಕಿಗೆ ಇರೋ ಅಂತರ ಬರೀ 1.6 ಮೈಕ್ರಾನ್ (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಡಿಸ್ಕಿನ ತೂತು ಒಂದಿಷ್ಟು ಆಚೀಚೆ ಇರುತ್ತೆ, 70 ಮೈಕ್ರಾನ್‌ವರೆಗೂ ನಡೆಯುತ್ತೆ ಅಂತ ಸ್ಟ್ಯಾಂಡರ್ಡೇ ಬಿಟ್ಕೊಟ್ಟಿದೆ, ಅಂದ್ರೆ ಪ್ರತಿ ಸುತ್ತಿಗೂ ಬೆಳಕಿನ ಎದುರು ಆಕಡೆ ಈಕಡೆ ನಲವತ್ತಕ್ಕೂ ಹೆಚ್ಚು ಟ್ರ್ಯಾಕ್ ದೂರ ಡಿಸ್ಕ್ ತೂಗಾಡಬಹುದು, ಅದೂ ನಿಮಿಷಕ್ಕೆ 200ರಿಂದ 500 ಸುತ್ತು ತಿರುಗ್ತಾ! ಗ್ರಾಮಫೋನ್ ಮುಳ್ಳಿನ ಥರ ಹಿಡ್ಕೊಳಕ್ಕೆ ಕಾಲುವೆಯಂಥ ಗೀರೂ ಇಲ್ಲ. ನನ್ನ ಪ್ಲೇಯರ್‌ದು ಮೂರು ಬೀಮ್ (ಬೆಳಕಿನ ಕಿರಣ) ಪದ್ಧತಿ, ನಡುವಿನ ಬೀಮ್ ಓದುತ್ತೆ, ಅಕ್ಕಪಕ್ಕದ ಎರಡು ಕಾಲು ಟ್ರ್ಯಾಕಿನಷ್ಟು ಆಕಡೆ ಈಕಡೆ ಬೀಳ್ತವೆ, ಅವುಗಳ ಬೆಳಕು ಇ ಮತ್ತು ಎಫ್ ಅನ್ನೋ ಎರಡು ಸೆನ್ಸರ್‌ಗೆ ಹೋಗುತ್ತೆ. ಎರಡೂ ಸಮ ಇದ್ರೆ ಬೀಮ್ ನಡುವೆ ಇದೆ, ವ್ಯತ್ಯಾಸ ಬಂದ್ರೆ ಕಾಯಿಲ್ ಲೆನ್ಸನ್ನ ಎಳೆದು ಸರಿ ಮಾಡುತ್ತೆ. ಇ-ಎಫ್ ಬ್ಯಾಲೆನ್ಸೇ ತಪ್ಪಿದ್ರೆ? ಅದು ಅಂಚನ್ನೇ ನಡು ಅಂದ್ಕೊಂಡು ಓಡುತ್ತೆ, ಸಣ್ಣ ಗೀರು ಬಂದ್ರೂ ಸಾಕು, ಜಾರಿಬಿಡುತ್ತೆ.

ಮೊದಲು ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಲೆನ್ಸ್ ಒರೆಸ್ದೆ. ಪಿಕಪ್ ಜಾರೋ ಕಂಬಿ ಮೇಲಿನ ಗ್ರೀಸ್ ಒಣಗಿ ಅಂಟಾಗಿತ್ತು, ಕೆರೆದು ತೆಗೆದು ತೆಳ್ಳಗೆ ಹೊಸದು ಹಚ್ದೆ, ಅರ್ಧ ತೊಂದ್ರೆ ಅಲ್ಲೇ ಹೋಯ್ತು. ದಯವಿಟ್ಟು ಇದನ್ನ ಮಾಡ್ದೆ ಯಾವ ಪ್ರೀಸೆಟ್ಟೂ (ಬೋರ್ಡ್ ಮೇಲೆ ತಿರುಗಿಸಿ ಸೆಟ್ ಮಾಡೋ ಪುಟ್ಟ ತಿರುಪು) ಮುಟ್ಬೇಡಿ.

ನಾನು ಮಾಡಿದ ತಪ್ಪು ಅಂದ್ರೆ ಇ-ಎಫ್ ಬ್ಯಾಲೆನ್ಸ್ ಪ್ರೀಸೆಟ್ ಎಲ್ಲಿತ್ತು ಅಂತ ಗುರುತು ಹಾಕದೇ ತಿರುಗಿಸಿದ್ದು. ಆಮೇಲೆ ಡಿಸ್ಕೇ ಓದಲಿಲ್ಲ, ಎರಡು ದಿನ ಸಂಕಟ. ಕೊನೆಗೆ ಫ್ರೆಂಡ್ ಹತ್ರ ಆಸಿಲೋಸ್ಕೋಪ್ (ಸಿಗ್ನಲನ್ನ ಪರದೆ ಮೇಲೆ ಅಲೆಯಾಗಿ ತೋರ್ಸೋ ಉಪಕರಣ) ತಂದೆ. ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಹೇಳಿದ ಎರಡು ಪಾಯಿಂಟ್ ಶಾರ್ಟ್ ಮಾಡಿ ಟ್ರ್ಯಾಕಿಂಗ್ ಬಿಡಿಸ್ದೆ, ಫೋಕಸ್ ಮಾತ್ರ ಹಿಡ್ಕೊಂಡು ಡಿಸ್ಕ್ ತಿರುಗ್ತಾ ಇರುತ್ತೆ, ಡಿಸ್ಕ್ ತೂಗಾಡೋದ್ರಿಂದ ಬೀಮ್ ತಾನಾಗೇ ಟ್ರ್ಯಾಕುಗಳನ್ನ ದಾಟ್ತಾ ಹೋಗುತ್ತೆ, ಆಗ ಟ್ರ್ಯಾಕಿಂಗ್ ಎರರ್ (ಇ-ಎಫ್ ವ್ಯತ್ಯಾಸದ ಸಿಗ್ನಲ್) ಪಾಯಿಂಟಲ್ಲಿ ಒತ್ತೊತ್ತಾಗಿ ಅಲೆಗಳು ಬರ್ತವೆ. ರೆಫರೆನ್ಸ್ ಗೆರೆಯಿಂದ ಮೇಲೆ ಹೆಚ್ಚು, ಕೆಳಗೆ ಕಮ್ಮಿ ಇತ್ತು. ಕೂದಲೆಳೆಯಷ್ಟೇ ತಿರುಗಿಸ್ತಾ ಎರಡೂ ಸಮ ಮಾಡ್ದೆ. ಶಾರ್ಟ್ ತೆಗೆದ ಕೂಡ್ಲೇ ಹಾಡು ಹಿಡ್ಕೊಂಡ್ತು, ಆರ್‌ಎಫ್ (ಡಿಸ್ಕಿಂದ ಓದಿದ ಸಿಗ್ನಲ್) ಪಾಯಿಂಟಲ್ಲಿ ವಜ್ರದಾಕಾರದ ಕಣ್ಣುಗಳು ಸ್ಪಷ್ಟವಾಗಿ ಕಂಡ್ವು, ಅದನ್ನ ನೋಡಿದ ಖುಷಿ ಹೇಳಕ್ಕಾಗಲ್ಲ.

ಟ್ರ್ಯಾಕಿಂಗ್ ಗೇನ್, ಅಂದ್ರೆ ಲೆನ್ಸನ್ನ ಎಷ್ಟು ಜೋರಾಗಿ ಎಳೆದು ಸರಿ ಮಾಡ್ಬೇಕು ಅನ್ನೋದನ್ನ ಮಾತ್ರ ಕಿವಿಯಿಂದ್ಲೇ ಸೆಟ್ ಮಾಡ್ದೆ. ಜಾಸ್ತಿ ಆದ್ರೆ ಲೆನ್ಸ್ ಕಾಯಿಲ್ ಸರಸರ ಅನ್ನುತ್ತೆ, ಕಮ್ಮಿ ಆದ್ರೆ ಡಬ್ಬಿ ತಟ್ಟಿದ್ರೇ ಹಾರುತ್ತೆ. ಸದ್ದು ಶುರುವಾಗೋ ಜಾಗದಿಂದ ಸ್ವಲ್ಪ ಹಿಂದೆ ನಿಲ್ಲಿಸ್ದೆ. ಲೇಸರ್ ಪವರ್ ಪ್ರೀಸೆಟ್ ಮುಟ್ಟಲೇ ಇಲ್ಲ, ಮುಟ್ಟಬಾರ್ದು, ಲೆನ್ಸಿಗೆ ಕಣ್ಣಿಟ್ಟು ನೋಡ್ಲೂಬಾರ್ದು, 780 ನ್ಯಾನೊಮೀಟರ್ ಬೆಳಕು ಕಣ್ಣಿಗೆ ಸರಿಯಾಗಿ ಕಾಣೋದೇ ಇಲ್ಲ, ಆದ್ರೂ ಕಣ್ಣಿಗೆ ಹಾನಿ ಮಾಡಬಹುದು.

ಒಂದು ಗಂಟೆ ಓಡಿಸಿ ಬಿಸಿಯಾದ್ಮೇಲೆ ಮತ್ತೆ ಚೆಕ್ ಮಾಡ್ದೆ, ಚೂರೇ ಚೂರು ಸರಿದಿತ್ತು, ತಿದ್ದಿ, ಮತ್ತೆ ಅಲುಗಾಡದ ಹಾಗೆ ಪ್ರೀಸೆಟ್ ಮೇಲೆ ಒಂದು ಹನಿ ನೈಲ್ ಪಾಲಿಶ್ ಹಾಕ್ದೆ.