ಗ್ರಾಫೀನ್‌ನಲ್ಲಿ ಎಲೆಕ್ಟ್ರಾನ್ ದ್ರವ: ಮೈನಸ್ ವೋಲ್ಟೇಜನ್ನು ನಂಬುವ ಮುನ್ನ

ಗ್ರಾಫೀನ್ ಎಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ. ಅದರಲ್ಲಿ ಅಳೆಯಬೇಕಿರುವುದು ಒಂದೇ: ಕರೆಂಟ್ ಒಳಬಿಡುವ ಕಾಂಟ್ಯಾಕ್ಟಿನ ಪಕ್ಕದಲ್ಲೇ ವೋಲ್ಟೇಜ್ ಮೈನಸ್ ಆಗುತ್ತದೆಯೇ? ಎಲೆಕ್ಟ್ರಾನುಗಳು ಕಲ್ಮಶಕ್ಕಿಂತ ಹೆಚ್ಚಾಗಿ ಒಂದಕ್ಕೊಂದು ಡಿಕ್ಕಿ ಹೊಡೆದರೆ ದ್ರವದಂತೆ ಹರಿಯುತ್ತವೆ ಎಂದು ಭೌತವಿಜ್ಞಾನಿ ಗುರ್ಜಿ 1963ರಲ್ಲೇ ಲೆಕ್ಕ ಹಾಕಿದ್ದರು. ಆಗ ಹರಿವನ್ನು ಆ ಜಾಗದ ವಿದ್ಯುತ್ ಕ್ಷೇತ್ರವೊಂದೇ ನಡೆಸುವುದಿಲ್ಲ, ಪಕ್ಕದ ಹರಿವೂ ಎಳೆಯುತ್ತದೆ. ಹಾಗೆ ಎಳೆಸಿಕೊಂಡು ಕ್ಷೇತ್ರದ ವಿರುದ್ಧ ಸಾಗುವ ಜಾಗದಲ್ಲೇ ಈ ಮೈನಸ್ ಕಾಣುವುದು. ಗ್ರಾಫೀನ್‌ನಲ್ಲಿ ಅದು ಸಿಕ್ಕಿದ್ದು 2016ರಲ್ಲಿ.

ನಾನು ಗ್ರಾಫೀನನ್ನು ಎರಡು ಬೋರಾನ್ ನೈಟ್ರೈಡ್ ಪದರಗಳ ನಡುವೆ ಇಡುತ್ತೇನೆ. ಪದರ ಒತ್ತುವಾಗ ಅವಸರ ಮಾಡಿದರೆ ಗಾಳಿಗುಳ್ಳೆ ಉಳಿಯುತ್ತದೆ. ಗುಳ್ಳೆಯಿರುವ ಜಾಗದಲ್ಲಿ ಡಿವೈಸ್ ಕೆತ್ತಲೇಬೇಡಿ, ಅಲ್ಲಿ ಸ್ನಿಗ್ಧತೆಯ, ಅಂದರೆ ಪಕ್ಕದ ಹರಿವಿನ ಎಳೆತದ, ಸುಳಿವೇ ಸಿಗದು. ಕರೆಂಟ್ ಬಿಡುವ ಕಾಂಟ್ಯಾಕ್ಟ್ ಸುಮಾರು 0.3 ಮೈಕ್ರಾನ್ ಅಗಲ, ವೋಲ್ಟೇಜ್ ಕಾಂಟ್ಯಾಕ್ಟ್ ಅದೇ ಅಂಚಿನಲ್ಲಿ 1 ಮೈಕ್ರಾನ್ ದೂರ. ಕರೆಂಟ್ ಹೊರಹೋಗುವುದು ಒಂದು ತುದಿಯಿಂದ, ವೋಲ್ಟೇಜಿನ ರೆಫರೆನ್ಸ್ ಇನ್ನೊಂದು ತುದಿಯಲ್ಲಿ.

ಎಲೆಕ್ಟ್ರಾನುಗಳ ಸಾಂದ್ರತೆಯನ್ನು ಹೊಂದಿಸುವುದು ಕೆಳಗಿರುವ ಗೇಟ್ ಎಂಬ ವಿದ್ಯುದ್ವಾರ. 300 ನ್ಯಾನೋಮೀಟರ್ ಸಿಲಿಕಾನ್ ಆಕ್ಸೈಡ್ ಮೇಲೆ 40 ನ್ಯಾನೋಮೀಟರ್ ನೈಟ್ರೈಡ್ ಇದ್ದರೆ, ಡಿರಾಕ್ ಬಿಂದುವಿನಿಂದ (ಎಲೆಕ್ಟ್ರಾನ್ ಮತ್ತು ಹೋಲ್ ಸಮವಾಗಿರುವ ಗೇಟ್ ವೋಲ್ಟೇಜ್) ಸುಮಾರು 16 ವೋಲ್ಟ್ ಗೇಟ್ ಕೊಟ್ಟಾಗ ಚದರ ಸೆಂಟಿಮೀಟರಿಗೆ 10^12 ಎಲೆಕ್ಟ್ರಾನ್ ಸಿಗುತ್ತವೆ. ಲಾಕ್-ಇನ್ ಎಂಬುದು ಒಂದೇ ಆವರ್ತನದ ಸಣ್ಣ ಸಂಕೇತವನ್ನು ಹೆಕ್ಕಿ ಅಳೆಯುವ ಉಪಕರಣ. ಅದರ 1 ವೋಲ್ಟನ್ನು 10 ಮೆಗಾಓಮ್ ಮೂಲಕ ಬಿಟ್ಟರೆ 100 ನ್ಯಾನೋಆಂಪ್. ಆವರ್ತನ 17 ಹರ್ಟ್ಸ್ ಆಸುಪಾಸು. ಮೈನಸ್ 10 ಓಮ್ ಎಂದರೆ ಕೈಗೆ ಸಿಗುವುದು ಒಂದೇ ಮೈಕ್ರೋವೋಲ್ಟ್! ಹಾಗಾಗಿ 90 ಡಿಗ್ರಿ ಫೇಸ್‌ನ ಓದು ದೊಡ್ಡದಿದ್ದರೆ ಆ ಅಳತೆಯನ್ನು ಬಿಟ್ಟುಬಿಡುತ್ತೇನೆ, ಅದು ತಂತಿಗಳ ಕೆಪಾಸಿಟನ್ಸ್. ಎರಡನೇ ಹಾರ್ಮೋನಿಕ್ (ಎರಡರಷ್ಟು ಆವರ್ತನದ ಓದು) ಏರಿದರೆ ಡಿವೈಸ್ ಬಿಸಿಯಾಗುತ್ತಿದೆ, ಕರೆಂಟ್ ಇಳಿಸಿ.

ಹೆಚ್ಚಿನವರು ಎಡವುವುದು ತಾಪಮಾನದಲ್ಲಿ. ಕೆಲವೇ ಕೆಲ್ವಿನ್‌ನಲ್ಲಿ ಡಿಕ್ಕಿಯೇ ಇಲ್ಲದೆ ನೇರ ಹಾರುವ ಎಲೆಕ್ಟ್ರಾನುಗಳೂ ಮೈನಸ್ ಕೊಡಬಲ್ಲವು. ಬರೀ ಚಿಹ್ನೆ ನೋಡಿ ದ್ರವ ಎನ್ನುವಂತಿಲ್ಲ. 5 ಕೆಲ್ವಿನ್‌ನಿಂದ ಕೋಣೆಯ ತಾಪಮಾನದವರೆಗೆ 10 ಕೆಲ್ವಿನ್ ಹೆಜ್ಜೆಯಲ್ಲಿ ಅಳೆಯಿರಿ. ದ್ರವದ ಮೈನಸ್ ಸುಮಾರು 100ರಿಂದ 250 ಕೆಲ್ವಿನ್ ನಡುವೆ ಬಲವಾಗಿರುತ್ತದೆ, ಇನ್ನೂ ಬಿಸಿಯಾದರೆ ಜಾಲಕದ ಕಂಪನ ಅದನ್ನು ನುಂಗುತ್ತದೆ. ಪ್ರತಿ ತಾಪಮಾನದಲ್ಲೂ ಮಾಮೂಲಿ ರೋಧವನ್ನು ಬೇರೆಯಾಗಿ ಅಳೆದು ಕಳೆಯಲೇಬೇಕು. ಕಳೆದ ಮೇಲೆ ಉಳಿಯುವುದರಿಂದ ಸೆಕೆಂಡಿಗೆ ಸುಮಾರು 0.1 ಚದರ ಮೀಟರ್ ಸ್ನಿಗ್ಧತೆ ಬರುತ್ತದೆ. ಜೇನುತುಪ್ಪಕ್ಕಿಂತಲೂ ಹೆಚ್ಚು!

ಡಿರಾಕ್ ಬಿಂದುವಿನ ತೀರಾ ಹತ್ತಿರ ಈ ವಿಧಾನ ಬೇಡ. ಅಲ್ಲಿ ಎಲೆಕ್ಟ್ರಾನ್, ಹೋಲ್ (ಎಲೆಕ್ಟ್ರಾನ್ ಇಲ್ಲದ, ಪ್ಲಸ್ ಆವೇಶದಂತೆ ವರ್ತಿಸುವ ಖಾಲಿ ಜಾಗ) ಎರಡೂ ಬೆರೆತಿರುತ್ತವೆ. ಅಲ್ಲಿ ಶಾಖವನ್ನೂ ಅಳೆಯಬೇಕು, 2025ರಲ್ಲಿ ಬೆಂಗಳೂರಿನ ಐಐಎಸ್ಸಿ ತಂಡ ಮಾಡಿ ತೋರಿಸಿದ್ದು ಅದನ್ನೇ.

ಕಾಂತಕ್ಷೇತ್ರವನ್ನು ಕೊನೆಗೆ ಹಾಕಿ. 30 ಮಿಲಿಟೆಸ್ಲಾ ಸಾಕು, 10^12 ಸಾಂದ್ರತೆಯಲ್ಲಿ ಎಲೆಕ್ಟ್ರಾನಿನ ವೃತ್ತದ ತ್ರಿಜ್ಯ ಆಗ ಸುಮಾರು 4 ಮೈಕ್ರಾನ್. ಪ್ಲಸ್ ಕ್ಷೇತ್ರದ ಓದಿನಿಂದ ಮೈನಸ್ ಕ್ಷೇತ್ರದ ಓದನ್ನು ಕಳೆದು ಅರ್ಧ ಮಾಡಿದರೆ ಹಾಲ್ ಭಾಗ, ಅಂದರೆ ಕಾಂತಕ್ಷೇತ್ರ ಎಲೆಕ್ಟ್ರಾನುಗಳನ್ನು ಪಕ್ಕಕ್ಕೆ ತಿರುಗಿಸುವುದರಿಂದ ಹುಟ್ಟುವ ವೋಲ್ಟೇಜ್, ಬರುತ್ತದೆ. ಕಾಂಟ್ಯಾಕ್ಟಿನ ಹತ್ತಿರ ಅದು ಸಾಂದ್ರತೆಯ ಲೆಕ್ಕಕ್ಕಿಂತ ಕಡಿಮೆ ಬಂದರೆ, ಹಾಲ್ ಸ್ನಿಗ್ಧತೆ (ಕಾಂತಕ್ಷೇತ್ರದಲ್ಲಿ ಮಾತ್ರ ಹುಟ್ಟುವ ಸ್ನಿಗ್ಧತೆ) ಎದುರು ದಿಕ್ಕಿಗೆ ತಳ್ಳುತ್ತಿದೆ. ಕರೆಂಟ್, ವೋಲ್ಟೇಜ್ ತಂತಿಗಳನ್ನು ಅದಲುಬದಲು ಮಾಡಿ, ಕ್ಷೇತ್ರದ ದಿಕ್ಕನ್ನೂ ತಿರುಗಿಸಿ ಅಳೆಯಿರಿ. ಎರಡು ಓದುಗಳೂ ಒಂದೇ ಆಗಿರಬೇಕು. ಆಗದಿದ್ದರೆ ಗ್ರಾಫೀನನ್ನು ಬಿಡಿ, ಮೊದಲು ಕಾಂಟ್ಯಾಕ್ಟ್ ನೋಡಿ.