ಇಬ್ಬರೇ ಆಡುವ ವಾಲಿಬಾಲ್ ನೋಡಲು ಕಲಿತದ್ದು

ನಮ್ಮ ಕುಮಟಾ ಕಡೆ ಮಳೆ ನಿಂತು ಗದ್ದೆ ಒಣಗಿತೆಂದರೆ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿಗಳು ಶುರುವಾಗುತ್ತವೆ. ಅವನ್ನು ನೋಡುತ್ತಲೇ ಬೆಳೆದವನಿಗೆ ಲಿಫ್ಟು (ಹೊಡೆಯುವವನಿಗೆ ಚೆಂಡು ಎತ್ತಿಕೊಡುವುದು), ಸ್ಮ್ಯಾಶು (ಜೋರು ಹೊಡೆತ), ಬ್ಲಾಕು (ನೆಟ್ಟಿನ ಬಳಿ ಕೈ ಎತ್ತಿ ತಡೆಯುವುದು) ಯಾರೂ ಹೇಳಿಕೊಡಬೇಕಿಲ್ಲ. ಆದರೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಐಫೆಲ್ ಗೋಪುರದ ಬುಡದಲ್ಲಿ ಮರಳು ಹರಡಿ ಆಡಿಸಿದ ಬೀಚ್ ವಾಲಿಬಾಲನ್ನು ಫೋನಿನಲ್ಲಿ ನೋಡಲು ಕೂತಾಗ, ಒಂದು ಅಂಕ ಯಾಕೆ ಬಂತು, ಇನ್ನೊಂದು ಯಾಕೆ ಹೋಯಿತು ಎಂಬುದೇ ತಲೆಗೆ ಹತ್ತಲಿಲ್ಲ. ಆಮೇಲೆ ಹಳೆಯ ಪಂದ್ಯಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಾ ಒಂದಿಷ್ಟು ರೂಢಿ ಮಾಡಿಕೊಂಡೆ.

ಅಳತೆ, ಲೆಕ್ಕ ಮೊದಲು ಮುಗಿಸಿಬಿಡುತ್ತೇನೆ. ಅಂಕಣ 16 ಮೀಟರ್ ಉದ್ದ, 8 ಮೀಟರ್ ಅಗಲ. ಒಳಾಂಗಣದ್ದಕ್ಕಿಂತ ಉದ್ದ ಎರಡು ಮೀಟರ್, ಅಗಲ ಒಂದು ಮೀಟರ್ ಕಡಿಮೆ. ನೆಟ್ಟಿನ ಎತ್ತರ ಮಾತ್ರ ಅದೇ, ಗಂಡಸರಿಗೆ 2.43 ಮೀಟರ್, ಹೆಂಗಸರಿಗೆ 2.24. ಮೊದಲ ಎರಡು ಸೆಟ್ 21ಕ್ಕೆ, ಮೂರನೆಯದು ಬೇಕಾದರೆ 15ಕ್ಕೆ. ಎರಡು ಅಂಕದ ಅಂತರ ಬೇಕೇ ಬೇಕು. ಒಂದೊಂದು ಬದಿಗೆ ಇಬ್ಬರೇ, ಬದಲಿ ಆಟಗಾರರಿಲ್ಲ.

ಆ ‘ಇಬ್ಬರೇ’ ಎಂಬುದರಲ್ಲಿ ಆಟದ ಮುಕ್ಕಾಲು ಪಾಲು ಅಡಗಿದೆ. ಆರು ಜನರ ಆಟದಲ್ಲಿ ಎದುರಾಳಿಯ ಸರ್ವಿಸ್ ಯಾರೇ ತೆಗೆದರೂ, ಅಂದರೆ ಬಂದ ಚೆಂಡನ್ನು ಮೊದಲು ಯಾರೇ ಎತ್ತಿದರೂ, ಲಿಫ್ಟರ್ ತನಗೆ ಬೇಕಾದ ಅಟ್ಯಾಕರ್‌ಗೆ ಚೆಂಡು ಕೊಡುತ್ತಾನೆ. ಇಲ್ಲಿ ಸರ್ವಿಸ್ ತೆಗೆದವನಿಗೆ ಅವನ ಜೊತೆಗಾರ ಲಿಫ್ಟ್ ಕೊಡಬೇಕು, ತೆಗೆದವನೇ ಓಡಿ ಬಂದು ಹೊಡೆಯಬೇಕು. ಅಂದರೆ ಯಾರು ಹೊಡೆಯಬೇಕೆಂದು ತೀರ್ಮಾನಿಸುವುದು ಸರ್ವಿಸ್ ಮಾಡುವ ಎದುರಾಳಿ! ಹಾಗಾಗಿ ನಾನು ಮೊದಲು ಮಾಡಿದ ಕೆಲಸ, ಸರ್ವಿಸ್ ಯಾರ ಮೇಲೆ ಬೀಳುತ್ತಿದೆ ಎಂದು ಗಮನಿಸುವುದು. ಸುಸ್ತಾದವನನ್ನೋ, ಹೊಡೆತ ಕೈಕೊಡುತ್ತಿರುವವನನ್ನೋ ಹಿಡಿದು ಸೆಟ್ ಪೂರ್ತಿ ಅವನ ಮೇಲೇ ಹಾಕುತ್ತಾರೆ. ಬದಲಿ ಇಲ್ಲದ್ದರಿಂದ ಅವನನ್ನು ಹೊರಗೆ ಕೂರಿಸುವ ಹಾಗೂ ಇಲ್ಲ. ನೋಡಲು ಕ್ರೂರ ಅನ್ನಿಸುತ್ತದೆ, ನನಗಂತೂ ಆಟದ ರುಚಿ ಹತ್ತಿದ್ದು ಅಲ್ಲೇ.

ಎರಡನೆಯದು ಬೆನ್ನ ಹಿಂದಿನ ಬೆರಳುಗಳು. ಸರ್ವಿಸ್‌ಗೆ ಮುಂಚೆ ನೆಟ್ಟಿನ ಬಳಿ ನಿಂತವನು ಕೈಗಳನ್ನು ಸೊಂಟದ ಹಿಂದೆ ಇಟ್ಟು ಜೊತೆಗಾರನಿಗೆ ಸನ್ನೆ ಮಾಡುತ್ತಾನೆ. ಕ್ಯಾಮೆರಾ ಅದನ್ನು ಹತ್ತಿರದಿಂದಲೇ ತೋರಿಸುತ್ತದೆ. ಎಡಗೈ ತನ್ನ ಎಡಕ್ಕಿರುವ ಎದುರಾಳಿಯ ಬಗ್ಗೆ, ಬಲಗೈ ಬಲಕ್ಕಿರುವವನ ಬಗ್ಗೆ. ಸಾಮಾನ್ಯವಾಗಿ ಒಂದು ಬೆರಳೆಂದರೆ ‘ಲೈನ್ (ಬದಿಗೆರೆಯುದ್ದಕ್ಕೆ ನೇರ ಬರುವ ಹೊಡೆತ) ನಾನು ಬ್ಲಾಕ್ ಮಾಡ್ತೇನೆ’, ಎರಡೆಂದರೆ ‘ಕ್ರಾಸ್ (ಓರೆಯಾಗಿ ಬರುವ ಹೊಡೆತ) ನನ್ನದು’, ಮುಷ್ಟಿಯೆಂದರೆ ‘ಬ್ಲಾಕ್ ಇಲ್ಲ, ಹಿಂದಕ್ಕೆ ಬರ್ತೇನೆ’. ಬ್ಲಾಕ್ ಲೈನ್ ಮುಚ್ಚಿದರೆ ಹಿಂದಿನವನು ಕ್ರಾಸ್ ಕಾಯಬೇಕು. ನಾನು ಧ್ವನಿ ಬಂದ್ ಮಾಡಿ, ಸನ್ನೆ ಕಂಡ ಕೂಡಲೇ ವಿಡಿಯೋ ನಿಲ್ಲಿಸಿ, ಹಿಂದಿನವನು ಎತ್ತ ಓಡಬೇಕೆಂದು ಊಹಿಸಿ, ಮತ್ತೆ ಬಿಡುತ್ತಿದ್ದೆ. ಹೀಗೆ ನೋಡಿದರೆ ಚೆಂಡು ಅವನ ಕೈಗೇ ಬಂದು ಬೀಳುವುದು ಅದೃಷ್ಟವಲ್ಲವೆಂದು ಗೊತ್ತಾಗುತ್ತದೆ. ಕೆಲವೊಮ್ಮೆ ಬೇಕೆಂದೇ ತಪ್ಪು ಜಾಗದಲ್ಲಿ ನಿಂತಂತೆ ನಟಿಸಿ, ಎದುರಾಳಿ ಹೊಡೆಯಲು ಕೈ ಎತ್ತಿದ ಮೇಲೆ ಜಿಗಿದು ಓಡುತ್ತಾರೆ.

ನಮ್ಮೂರಿನ ಕಣ್ಣಿಗೆ ಗೊಂದಲ ಮಾಡುವ ನಿಯಮಗಳೂ ಇವೆ. ಬ್ಲಾಕ್‌ಗೆ ತಾಗಿದ್ದೂ ಇಲ್ಲಿ ತಂಡಕ್ಕೆ ಸಿಗುವ ಮೂರು ಹೊಡೆತಗಳಲ್ಲಿ ಒಂದೆಂದೇ ಲೆಕ್ಕ, ಆಮೇಲೆ ಉಳಿಯುವುದು ಎರಡೇ. ಬೆರಳ ತುದಿಯಿಂದ ನೆಟ್ಟಿನಾಚೆ ಮೆಲ್ಲಗೆ ಡ್ರಾಪ್ ಹಾಕುವಂತಿಲ್ಲ. ಹಾಗಾಗಿ ಬೆರಳು ಮಡಚಿ ಗೆಣ್ಣಿನಿಂದ ತಳ್ಳುತ್ತಾರೆ. ಬೆರಳಿನಿಂದ ಲಿಫ್ಟ್ ಕೊಡುವಾಗ ಡಬಲ್ ಟಚ್ (ಚೆಂಡು ಒಬ್ಬನ ಕೈಗೇ ಎರಡು ಸಲ ತಾಗುವುದು) ಆಯಿತೇ ಎಂದು ರೆಫರಿ ತೀರಾ ಕಟ್ಟುನಿಟ್ಟಾಗಿ ನೋಡುವುದರಿಂದ ಸರ್ವಿಸ್ ತೆಗೆಯುವುದಂತೂ ಮುಂಗೈಯಲ್ಲೇ, ಗಾಳಿ ಜೋರಿದ್ದರೆ ಲಿಫ್ಟೂ ಹಾಗೇ.

ಗಾಳಿಯ ಮಾತು ಬಂತಲ್ಲ. ಚೆಂಡಿನ ಒಳಗಿನ ಗಾಳಿಯ ಒತ್ತಡ ಒಳಾಂಗಣದ ಚೆಂಡಿಗಿಂತ ಕಡಿಮೆ, ಗಾತ್ರ ತುಸು ದೊಡ್ಡದು. ತೆರೆದ ಬಯಲಿನಲ್ಲಿ ಅದು ತೇಲುತ್ತದೆ, ವಾಲುತ್ತದೆ. ಗಾಳಿಗೆ ಎದುರಾಗಿ ಸರ್ವಿಸ್ ಮಾಡಿದರೆ ಚೆಂಡು ಕೊನೆಗೆ ಧೊಪ್ಪನೆ ಇಳಿಯುತ್ತದೆ, ತೆಗೆಯುವುದು ಕಷ್ಟ. ಒಂದೇ ತಂಡಕ್ಕೆ ಗಾಳಿ, ಬಿಸಿಲಿನ ಲಾಭ ಸಿಗಬಾರದೆಂದೇ 7 ಅಂಕಕ್ಕೊಮ್ಮೆ, ಮೂರನೇ ಸೆಟ್‌ನಲ್ಲಿ 5 ಅಂಕಕ್ಕೊಮ್ಮೆ ಬದಿ ಬದಲಿಸುತ್ತಾರೆ. ಅದಕ್ಕೇ ನಾನು ಒಟ್ಟು ಅಂಕದ ಜೊತೆಗೆ, ಕಷ್ಟದ ಬದಿಯಲ್ಲಿದ್ದಾಗ ಯಾರು ಎಷ್ಟು ಗಳಿಸಿದರು ಎಂದೂ ನೋಡುತ್ತೇನೆ.

ಇಷ್ಟು ತಿಳಿದ ಮೇಲೆ ಪ್ಯಾರಿಸ್‌ನ ಪುರುಷರ ಫೈನಲ್ ಮತ್ತೆ ಹಾಕಿಕೊಂಡು ನೋಡಿದೆ. ಸ್ವೀಡನ್‌ನ ಡೇವಿಡ್ ಓಹ್ಮನ್, ಯೊನಾಥನ್ ಹೆಲ್ವಿಗ್ ಜೋಡಿ ಜರ್ಮನಿಯನ್ನು 21–10, 21–13ರಿಂದ ಸೋಲಿಸಿದ ಪಂದ್ಯ ಅದು. ಸರ್ವಿಸ್ ತೆಗೆದವನೇ ಹೊಡೆಯಬೇಕು ಎಂದೆನಲ್ಲ, ಇವರು ಅದನ್ನೇ ಮುರಿದರು. ಲಿಫ್ಟ್ ಕೊಡುವವನೂ ಜಿಗಿಯುತ್ತಾನೆ. ಎರಡನೇ ಹೊಡೆತದಲ್ಲೇ ಹೊಡೆದರೂ ಹೊಡೆದ, ಗಾಳಿಯಲ್ಲಿದ್ದಂತೆಯೇ ಜೊತೆಗಾರನಿಗೆ ಕೊಟ್ಟರೂ ಕೊಟ್ಟ. ಬ್ಲಾಕ್ ಮಾಡುವವನು ಯಾರ ಮುಂದೆ ನಿಲ್ಲಬೇಕು? ಅವನು ಒಂದು ಗಳಿಗೆ ತಡವಾಗಿ ಹಾರುವುದನ್ನು ನಿಧಾನಗತಿಯಲ್ಲಿ ನೋಡಿ, ಮಜಾ ಇದೆ.

ಆದರೆ ಹೊಸಬರು ಮೊದಲು ನೋಡಬೇಕಾದದ್ದು ಅದಲ್ಲ, ಬೇಗ ಮುಗಿದುಹೋಗುತ್ತದೆ. ಅದೇ ಒಲಿಂಪಿಕ್ಸ್‌ನ ಮಹಿಳೆಯರ ಫೈನಲ್ ಹುಡುಕಿ: ಬ್ರೆಜಿಲ್‌ನ ಅನಾ ಪೆಟ್ರೀಸಿಯಾ, ಡೂಡಾ ಜೋಡಿ ಕೆನಡಾ ವಿರುದ್ಧ 26–24, 12–21, 15–10ರಿಂದ ಗೆದ್ದದ್ದು. ಮೂರನೇ ಸೆಟ್‌ನಲ್ಲಿ ನೆಟ್ಟಿನ ಬಳಿ ಮಾತಿಗೆ ಮಾತು ಬೆಳೆದು ಬಿಸಿ ಏರಿದಾಗ, ಡಿಜೆ ಸಮಯ ನೋಡಿ ಶಾಂತಿಯ ಹಾಡೊಂದನ್ನು ಹಾಕಿಬಿಟ್ಟ. ಆಟಗಾರ್ತಿಯರಿಗೇ ನಗು ಬಂತು.